ಬಿಸಿಲ ನಾಡಿನಲ್ಲಿ ಕಪ್ಪು-ಬಿಳುಪು ಪೋಲರಾಯ್ಡ್: ಹಳೆಯ ಕ್ಯಾಮೆರಾದಿಂದ ಒಳ್ಳೆಯ ಚಿತ್ರ ತೆಗೆಯುವ ಬಗೆ

ಬಿಸಿಲು ಎಂಬ ಒಂದೇ ಮಾತಿನಲ್ಲಿ ಬೆಳಕೂ ಇದೆ, ಕಾವೂ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇನ್‌ಸ್ಟಂಟ್ ಫಿಲ್ಮ್, ಅಂದರೆ ಕ್ಯಾಮೆರಾದಿಂದ ಹೊರಬಂದು ತಾನೇ ಚಿತ್ರ ಮೂಡಿಸುವ ಹಾಳೆ, ಬಳಸುವವರು ಮೊದಲು ಕಲಿಯಬೇಕಾದ್ದು ಇವೆರಡನ್ನೂ ಬಿಡಿಸಿ ನೋಡುವುದನ್ನು. ಫಿಲ್ಮಿಗೆ ಬೆಳಕು ಬೇಕು, ಕಾವು ತಾಗಿದರೆ ಅದು ಕೆಡುತ್ತದೆ. ಮಡಿಕೇರಿಯಲ್ಲಿ ಒಪ್ಪವಾಗಿ ಬರುವ ಕಪ್ಪು-ಬಿಳುಪು ಪೋಲರಾಯ್ಡ್, ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಅದೇ ಕ್ಯಾಮೆರಾ, ಅದೇ ಪ್ಯಾಕ್ ಇದ್ದರೂ ಕಂದು ಬಣ್ಣಕ್ಕೆ ತಿರುಗುತ್ತದೆ; ಕಪ್ಪು ಕಪ್ಪಾಗುವುದಿಲ್ಲ, ಬಿಳುಪು ಬಿಳುಪಾಗುವುದಿಲ್ಲ. ಒಂದು ಪ್ಯಾಕಿನಲ್ಲಿ ಇರುವುದೇ 8 ಹಾಳೆ. ಅವುಗಳಲ್ಲಿ ಒಂದನ್ನೂ ಹಾಳುಮಾಡದಿರಲು ಏನೇನು ಮಾಡಬೇಕು ಎಂಬುದನ್ನು ಕ್ರಮವಾಗಿ ನೋಡೋಣ.

ಯಾವ ಕ್ಯಾಮೆರಾಕ್ಕೆ ಯಾವ ಫಿಲ್ಮ್

ಹಳೆಯ ಪೋಲರಾಯ್ಡ್ ಮನೆಯ ಅಟ್ಟದಲ್ಲಿ ಸಿಕ್ಕಿರಲಿ, ಆನ್‌ಲೈನಿನಲ್ಲಿ ಕೊಂಡಿರಲಿ, ಅದು ಯಾವ ತಳಿಯದು ಎಂದು ಗುರುತಿಸುವವರೆಗೆ ಫಿಲ್ಮಿಗೆ ದುಡ್ಡು ಹಾಕಬೇಡಿ. 1972ರಲ್ಲಿ ಬಂದ ಎಸ್‌ಎಕ್ಸ್-70 ಮಡಚಿ ಜೇಬಿಗಿಡಬಹುದಾದ ಕ್ಯಾಮೆರಾ. ಲೆನ್ಸಿನ ಮೂಲಕವೇ ದೃಶ್ಯ ಕಾಣುತ್ತದೆ, ಕೈಯಿಂದ ಫೋಕಸ್ ಮಾಡಬೇಕು, ಸುಮಾರು 26 ಸೆಂಟಿಮೀಟರಿನಷ್ಟು ಹತ್ತಿರಕ್ಕೂ ಹೋಗಬಹುದು. 1977ರ ಒನ್‌ಸ್ಟೆಪ್ ಮಡಚಲಾಗದ ಪ್ಲಾಸ್ಟಿಕ್ ಡಬ್ಬಿ, ಆದರೆ ಅದಕ್ಕೂ ಎಸ್‌ಎಕ್ಸ್-70 ಫಿಲ್ಮೇ ಬೇಕು. 1981ರಿಂದ ಬಂದವು 600 ಸಾಲಿನ ಕ್ಯಾಮೆರಾಗಳು; ನಮ್ಮ ಕಡೆ ಕೈಗೆ ಸಿಗುವವು ಹೆಚ್ಚಾಗಿ ಇವೇ.

ಈಗ ತಯಾರಾಗುವ ಎಸ್‌ಎಕ್ಸ್-70 ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಅಳತೆ, ಐಎಸ್‌ಒ 160, 600 ಫಿಲ್ಮಿನದು ಐಎಸ್‌ಒ 640. ಎರಡಕ್ಕೂ ನಡುವೆ 2 ಸ್ಟಾಪ್ ಅಂತರ, ಅಂದರೆ ಬೆಳಕಿನಲ್ಲಿ ನಾಲ್ಕು ಪಟ್ಟು. ಎರಡರಲ್ಲೂ ಚಿತ್ರದ ಅಳತೆ ಒಂದೇ, 79 ಮಿಲಿಮೀಟರ್ ಉದ್ದಗಲದ ಚೌಕ. ಐ-ಟೈಪ್ ಎಂಬ ಮೂರನೆಯ ಪ್ಯಾಕ್ ಸ್ವಲ್ಪ ಅಗ್ಗ, ಅದಕ್ಕೇ ಹಲವರು ಮೋಸ ಹೋಗುತ್ತಾರೆ. ಹಳೆಯ ಕ್ಯಾಮೆರಾಗಳ ಮೋಟರು, ಬೆಳಕು ಅಳೆಯುವ ಮೀಟರು, ಫ್ಲ್ಯಾಶು ನಡೆಯುವುದು ಫಿಲ್ಮ್ ಪ್ಯಾಕಿನ ತಳದಲ್ಲಿರುವ 6 ವೋಲ್ಟ್ ಬ್ಯಾಟರಿಯಿಂದ. ಐ-ಟೈಪ್ ಪ್ಯಾಕಿನಲ್ಲಿ ಆ ಬ್ಯಾಟರಿ ಇಲ್ಲ. ಪ್ಯಾಕ್ ಒಳಗೆ ಕೂರುತ್ತದೆ, ಕ್ಯಾಮೆರಾ ಮಾತ್ರ ಏಳುವುದಿಲ್ಲ.

600 ಫಿಲ್ಮನ್ನು ಎಸ್‌ಎಕ್ಸ್-70ರಲ್ಲಿ ಬಳಸಲು ಬರುತ್ತದೆ, ಆದರೆ ಆ 2 ಸ್ಟಾಪ್ ಬೆಳಕನ್ನು ತಡೆಯಲೇಬೇಕು. ಪ್ಯಾಕಿನ ಮೇಲೆ ಇಡುವ ಅಥವಾ ಲೆನ್ಸಿಗೆ ಮಾತ್ರ ಸಿಕ್ಕಿಸುವ ಎನ್‌ಡಿ ಫಿಲ್ಟರ್, ಅಂದರೆ ಬೆಳಕನ್ನಷ್ಟೇ ತಗ್ಗಿಸುವ ಬೂದು ಗಾಜು, ಸಿಗುತ್ತದೆ. ಬೆಳಕು ಅಳೆಯುವ ಕಣ್ಣನ್ನು ಅದು ಮುಚ್ಚಬಾರದು. ಕಣ್ಣೂ ಮುಚ್ಚಿದರೆ ಕ್ಯಾಮೆರಾ ಕತ್ತಲೆಯೆಂದು ತಿಳಿದು ಮತ್ತಷ್ಟು ಬೆಳಕು ಬಿಡುತ್ತದೆ, ಫಿಲ್ಟರ್ ಹಾಕಿದ್ದೇ ವ್ಯರ್ಥ. ಫಿಲ್ಟರ್ ಇಲ್ಲದೆ, ಚಿತ್ರವನ್ನು ಕಪ್ಪಿನ ಕಡೆ ಇಲ್ಲವೇ ಬಿಳುಪಿನ ಕಡೆ ತಿದ್ದುವ ಎಕ್ಸ್‌ಪೋಶರ್ ಗಾಲಿಯನ್ನು ಪೂರ್ತಿ ಕಪ್ಪಿನ ಕಡೆ ತಿರುಗಿಸಿದರೂ 2 ಸ್ಟಾಪ್ ಪೂರ್ತಿ ಇಳಿಯುವುದಿಲ್ಲ. ಇಲ್ಲಿನ ಬಿಸಿಲಿಗೆ ಐಎಸ್‌ಒ 160 ಧಾರಾಳ ಸಾಕು. ಎಸ್‌ಎಕ್ಸ್-70 ಇದ್ದವರು ಅದರದೇ ಫಿಲ್ಮ್ ಹಾಕಿಕೊಳ್ಳುವುದು ಮೇಲು.

ಹಾಳೆಯನ್ನು ಕೈಯಿಂದ ಎಳೆದು ಸುಲಿಯುವ ಪ್ಯಾಕ್‌ಫಿಲ್ಮ್ ಲ್ಯಾಂಡ್ ಕ್ಯಾಮೆರಾ ಯಾರಾದರೂ ಮಾರಲು ಬಂದರೆ, ನೋಡಲು ಎಷ್ಟೇ ಚೆಂದವಿದ್ದರೂ ಚಿತ್ರ ತೆಗೆಯಲೆಂದು ಕೊಳ್ಳಬೇಡಿ. ಫ್ಯೂಜಿಫಿಲ್ಮ್ ತನ್ನ ಕಪ್ಪು-ಬಿಳುಪು ಎಫ್‌ಪಿ-3000ಬಿ ಅನ್ನು 2013ರಲ್ಲೂ ಕಲರ್ ಎಫ್‌ಪಿ-100ಸಿ ಅನ್ನು 2016ರಲ್ಲೂ ನಿಲ್ಲಿಸಿತು. ಉಳಿದಿರುವ ಹಳೆಯ ಪ್ಯಾಕುಗಳಲ್ಲಿ ಚಿತ್ರ ಮೂಡಿಸುವ ರಾಸಾಯನಿಕ ಪೇಸ್ಟ್ ಒಣಗಿರುವ ಸಂಭವವೇ ಹೆಚ್ಚು. ಪೋಲರಾಯ್ಡಿನದೇ ಆದ ಸ್ಪೆಕ್ಟ್ರಾ ಕ್ಯಾಮೆರಾದ ಕಥೆಯೂ ಅದೇ, ಅದರ ಫಿಲ್ಮ್ 2019ರಲ್ಲಿ ನಿಂತಿತು.

ಪ್ಯಾಕ್ ಒಡೆಯುವ ಮುನ್ನ ಕ್ಯಾಮೆರಾ ಪರೀಕ್ಷೆ

ಖಾಲಿಯಾದ ಒಂದು ಪ್ಯಾಕನ್ನು ಯಾರಿಂದಲಾದರೂ ಕೇಳಿ ಪಡೆದಿಟ್ಟುಕೊಳ್ಳಿ. ಹಾಳೆ ಮುಗಿದರೂ ಅದರ ಬ್ಯಾಟರಿಯಲ್ಲಿ ಕಸುವು ಉಳಿದಿರುತ್ತದೆ. ಅದನ್ನು ಹಾಕಿ, ಮುಚ್ಚಳ ಮುಚ್ಚಿ, ಬಟನ್ ಒತ್ತಿ. ಮೋಟರ್ ತಿರುಗುವ ಸದ್ದು ಒಂದೇ ಏರಿನಲ್ಲಿ ಬರಬೇಕು. ನಡುವೆ ತಡವರಿಸಿ ನಿಂತರೆ ರೋಲರಿನಲ್ಲಿ ಅಂಟು ಇದೆ, ಇಲ್ಲವೇ ಬ್ಯಾಟರಿ ಸೋತಿದೆ. ಬೇರೆ ಖಾಲಿ ಪ್ಯಾಕ್ ಹಾಕಿದರೆ ಯಾವುದೆಂದು ಗೊತ್ತಾಗುತ್ತದೆ. ಕೈಯನ್ನು ಬೆಳಕು ಅಳೆಯುವ ಕಣ್ಣಿಗೆ ಅಡ್ಡ ಹಿಡಿದು ಒಮ್ಮೆ, ಕಿಟಕಿಯ ಬೆಳಕಿಗೆ ತಿರುಗಿಸಿ ಒಮ್ಮೆ ಒತ್ತಿ ನೋಡಿ. ಕತ್ತಲಲ್ಲಿ ಶಟರ್ ತೆರೆದುಕೊಂಡು ತಡವಾಗಿ ಮುಚ್ಚಬೇಕು, ಬೆಳಕಲ್ಲಿ ಚಟ್ಟನೆ ಮುಚ್ಚಬೇಕು. ಎರಡೂ ಒಂದೇ ಥರ ಕೇಳಿಸಿದರೆ ಮೀಟರ್ ಸತ್ತಿದೆ.

ಎಸ್‌ಎಕ್ಸ್-70ರ ಬೆಲ್ಲೋಸ್, ಅಂದರೆ ಮಡಿಕೆ ಮಡಿಕೆಯಾಗಿರುವ ಕಪ್ಪು ರಬ್ಬರ್ ಭಾಗ, ಹಳತಾದಂತೆ ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ರಾತ್ರಿ ಕತ್ತಲ ಕೋಣೆಯಲ್ಲಿ ಫಿಲ್ಮ್ ಬಾಗಿಲು ತೆರೆದು ಒಳಗಡೆಯಿಂದ ಸಣ್ಣ ಟಾರ್ಚ್ ಬಿಟ್ಟು ಹೊರಗಿನಿಂದ ನೋಡಿ. ಬೆಳಕಿನ ಚುಕ್ಕೆ ಕಂಡಲ್ಲಿ ಒಳಬದಿಗೆ ಕಪ್ಪು ಬಟ್ಟೆ ಟೇಪಿನ ಚೂರು ಹಚ್ಚಿದರೆ ಸಾಕು. ಮಡಚುವಾಗ ಅಡ್ಡ ಬರದಷ್ಟು ಚಿಕ್ಕದಿರಲಿ.

ಇನ್ನು ರೋಲರ್. ಈ ಕೆಲಸವನ್ನು ಯಾರೂ ಬಿಡಬಾರದು. ಫಿಲ್ಮ್ ಬಾಗಿಲು ತೆರೆದಾಗ ಎದುರಿಗೆ ಒಂದರ ಮೇಲೊಂದು ಕೂತ ಎರಡು ತೆಳು ಉಕ್ಕಿನ ಉರುಳೆಗಳು ಕಾಣುತ್ತವೆ. ಹಾಳೆ ಹೊರಬರುವಾಗ ಅದರ ತಳದ ಅಗಲ ಬಿಳಿ ಅಂಚಿನಲ್ಲಿರುವ ಚೀಲವನ್ನು ಈ ಉರುಳೆಗಳೇ ಹಿಂಡುತ್ತವೆ. ಅದರೊಳಗಿನ ಪೇಸ್ಟ್ ಎರಡು ಪದರಗಳ ನಡುವೆ ಕೂದಲೆಳೆಗಿಂತ ತೆಳ್ಳಗೆ ಹರಡಬೇಕು. ರೋಲರಿನ ಮೇಲೆ ಹಳೆಯ ಪೇಸ್ಟಿನ ಒಂದು ಒಣ ಹರಳು ಅಂಟಿದ್ದರೂ, ಉರುಳೆ ತಿರುಗಿದ ಪ್ರತಿ ಸುತ್ತಿಗೂ ಚಿತ್ರದ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಸಮ ಅಂತರದಲ್ಲಿ ಸಾಲುಗಟ್ಟಿದ ಚುಕ್ಕೆ ಕಂಡರೆ ಫಿಲ್ಮನ್ನು ಬಯ್ಯಬೇಡಿ, ರೋಲರ್ ನೋಡಿ. ಹಳೆಯ ಹತ್ತಿ ಪಂಚೆಯ ತುಂಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಂತೆ ಚೆನ್ನಾಗಿ ಹಿಂಡಿ, ಪಕ್ಕದ ಹಲ್ಲುಗಾಲಿಯನ್ನು ಬೆರಳಿನಿಂದ ತಿರುಗಿಸುತ್ತ ಎರಡೂ ಉರುಳೆಗಳನ್ನು ಪೂರ್ತಿ ಸುತ್ತು ಒರೆಸಿ. ಉಗುರಿಗೆ ತಗುಲುವ ಗಂಟು ಉಳಿದಿದ್ದರೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಒಂದು ನಿಮಿಷ ಒತ್ತಿಟ್ಟರೆ ನೆನೆದು ಬಿಡುತ್ತದೆ. ಚಾಕು, ಪಿನ್ನು ಹಾಕಿ ಕೆರೆಯಬಾರದು. ಬಿದ್ದ ಗೀರು ಆಮೇಲಿನ ಪ್ರತಿ ಚಿತ್ರದಲ್ಲೂ ಕಾಣಿಸಿಕೊಳ್ಳುತ್ತದೆ. ಕೊನೆಗೆ ಒಣ ಬಟ್ಟೆಯಿಂದ ಒರೆಸಿ.

ಪ್ರತಿ ಹೊಸ ಪ್ಯಾಕಿಗೂ ಮುನ್ನ ಇದನ್ನು ಮಾಡಿ. ಸಂಡೂರು, ತೋರಣಗಲ್ಲು ಕಡೆಯ ರಸ್ತೆಗಳಲ್ಲಿ ಓಡಾಡುವವರು ಪ್ಯಾಕಿನ ನಡುವೆಯೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಅದಿರು ಲಾರಿಗಳು ಎಬ್ಬಿಸುವ ಕೆಂಪು ದೂಳು ಬಹಳ ನುಣುಪು, ಮುಚ್ಚಿದ ಚೀಲದೊಳಗೂ ನುಗ್ಗುತ್ತದೆ. ಅಂಥಲ್ಲಿ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ತೆಗೆಯುವ ಹೊತ್ತಿಗೆ ಮಾತ್ರ ಹೊರಗೆ ತನ್ನಿ.

ಕಾವನ್ನು ತಡೆಯುವುದು

ಫಿಲ್ಮ್ ತಯಾರಕರು ಹೇಳುವ ಲೆಕ್ಕ ಹೀಗಿದೆ: ಶೇಖರಣೆ 4ರಿಂದ 18 ಡಿಗ್ರಿ ಸೆಲ್ಸಿಯಸ್, ಚಿತ್ರ ತೆಗೆಯುವುದು 13ರಿಂದ 28 ಡಿಗ್ರಿಯೊಳಗೆ. ನಮ್ಮ ಜಿಲ್ಲೆಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದು ಹೊಸತಲ್ಲ. ಅಂದರೆ ವರ್ಷದ ಕಾಲು ಭಾಗ ಈ ಫಿಲ್ಮ್ ತನ್ನ ಮಿತಿಯ ಆಚೆಗೇ ಇರುತ್ತದೆ.

ಕಾವು ಏನು ಮಾಡುತ್ತದೆ ಎಂದು ತಿಳಿದರೆ ಮಾಡಬೇಕಾದ್ದೂ ತಿಳಿಯುತ್ತದೆ. ಫಿಲ್ಮಿನಲ್ಲಿ ಬೆಳಕು ಬಿದ್ದ ಬೆಳ್ಳಿಯ ಕಣಗಳು ಪೇಸ್ಟ್ ಹರಡಿದ ಕೂಡಲೇ ಇದ್ದಲ್ಲೇ ಲೋಹದ ಬೆಳ್ಳಿಯಾಗಿ ಉಳಿದುಬಿಡುತ್ತವೆ. ಬೆಳಕು ಬೀಳದ ಜಾಗದ ಬೆಳ್ಳಿ ಕರಗಿ ಮೇಲಿನ ಪದರಕ್ಕೆ ಸಾಗಿ ಅಲ್ಲಿ ಕಪ್ಪಾಗಿ ಕೂರುತ್ತದೆ. ಒಂದು ಕಡೆ ನಿಲ್ಲುವುದು, ಇನ್ನೊಂದು ಕಡೆ ಸಾಗುವುದು, ಆಮೇಲೆ ಪೇಸ್ಟಿನ ಕ್ಷಾರವೆಲ್ಲ ಆಮ್ಲದ ಪದರದಲ್ಲಿ ತಣಿಯುವುದು. ಈ ಮೂರಕ್ಕೂ ಒಂದು ಹೊಂದಾಣಿಕೆಯ ವೇಗವಿದೆ. ಕಾವು ಹೆಚ್ಚಿದರೆ ಎಲ್ಲವೂ ಓಡುತ್ತವೆ, ಆದರೆ ಒಂದೇ ವೇಗದಲ್ಲಿ ಓಡುವುದಿಲ್ಲ. ಅದರಿಂದಲೇ ಕಪ್ಪು ಮಾಸಲಾಗಿ, ಇಡೀ ಚಿತ್ರ ಕಂದಾಗುತ್ತದೆ. ಚಳಿ ಹೆಚ್ಚಾದರೆ ಬೆಳ್ಳಿ ಸಾಗುವುದೇ ಕುಂಟುತ್ತದೆ, ಚಿತ್ರ ಪೇಲವವಾಗುತ್ತದೆ.

ಫಿಲ್ಮ್ ಬಂದ ದಿನವೇ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಬೆಳ್ಳಿ ಬಣ್ಣದ ಕವರ್ ಒಡೆಯದೆ, ಮಲಗಿಸಿ ಇಡಿ. ಫ್ರೀಜರಿನಲ್ಲಿ ಇಟ್ಟರೆ ಪೇಸ್ಟ್ ಹೆಪ್ಪುಗಟ್ಟಿ ಪ್ಯಾಕ್ ಪೂರ್ತಿ ಹಾಳು. ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳು ನೋಡಿ 12 ತಿಂಗಳೊಳಗೆ ಬಳಸಿ. ಬೇಸಿಗೆಯಲ್ಲಿ ಆರ್ಡರ್ ಮಾಡದಿರುವುದೇ ಜಾಣತನ. ಕೊರಿಯರ್ ಗೋದಾಮಿನ ತಗಡಿನ ಮಾಡಿನ ಕೆಳಗೆ ಎರಡು ದಿನ ಬೆಂದ ಪ್ಯಾಕನ್ನು ಯಾವ ಫ್ರಿಜ್ಜೂ ಸರಿಮಾಡಲಾರದು. ವರ್ಷಕ್ಕೆ ಬೇಕಾದ್ದನ್ನು ನವೆಂಬರ್‌ನಿಂದ ಜನವರಿಯೊಳಗೆ ತರಿಸಿಕೊಳ್ಳಿ.

ಹೊರಗೆ ಹೋಗುವ ದಿನಕ್ಕೆ ಒಂದು ತಂಪುಪೆಟ್ಟಿಗೆ ಬೇಕು. ದೊಡ್ಡದು ಬೇಡ, 5 ಲೀಟರಿನ ಐಸ್‌ಬಾಕ್ಸ್ ಸಾಕು. ಹಿಂದಿನ ರಾತ್ರಿ ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಮುಕ್ಕಾಲು ತುಂಬಿ ಹೆಪ್ಪುಗಟ್ಟಿಸಿ. ಬೆಳಗ್ಗೆ ಅದನ್ನು ದಪ್ಪ ಟವೆಲಿನಲ್ಲಿ ಸುತ್ತಿ ತಳಕ್ಕಿಡಿ, ಮೇಲೆ ಎರಡು ಮಡಿಕೆ ದಿನಪತ್ರಿಕೆ, ಅದರ ಮೇಲೆ ಸ್ಟೀಲಿನ ಊಟದ ಡಬ್ಬಿ. ಡಬ್ಬಿಯೊಳಗೆ ಜಿಪ್ ಕವರಿನಲ್ಲಿ ಫಿಲ್ಮ್. ಮೀನಿನ ತೊಟ್ಟಿಗೆ ಹಾಕುವ, ವಯರ್ ಇರುವ ಚಿಕ್ಕ ಡಿಜಿಟಲ್ ಥರ್ಮಾಮೀಟರನ್ನು ಡಬ್ಬಿಯೊಳಗೆ ಬಿಟ್ಟರೆ ಮುಚ್ಚಳ ತೆರೆಯದೆಯೇ ಲೆಕ್ಕ ಸಿಗುತ್ತದೆ. 18ರಿಂದ 22 ಡಿಗ್ರಿ ಇದ್ದರೆ ಚೆನ್ನ. 13ಕ್ಕಿಂತ ಇಳಿದರೆ ಪತ್ರಿಕೆಯ ಮಡಿಕೆ ಹೆಚ್ಚಿಸಿ.

ಕ್ಯಾಮೆರಾವನ್ನು ಈ ಪೆಟ್ಟಿಗೆಯಲ್ಲಿ ಇಡಬಾರದು. ತಣ್ಣಗಿನ ಲೆನ್ಸು, ಕನ್ನಡಿ ಹೊರಗಿನ ಗಾಳಿಗೆ ಬೆವರುತ್ತವೆ. ಅದಕ್ಕೆ ಬಿಳಿ ಬಟ್ಟೆಯ ಚೀಲ, ನೆರಳು ಸಾಕು. ಬೈಕಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್, ಬಸ್ಸಿನ ಎಂಜಿನ್ ಮೇಲಿನ ಜಾಗ, ಈ ಮೂರು ಕಡೆ ಕ್ಯಾಮೆರಾ ಇಟ್ಟರೆ ಒಳಗಿನ ಹಾಳೆಗಳ ಕಥೆ ಮುಗಿದಂತೆ.

ಫ್ರಿಜ್ಜಿನಿಂದ ತೆಗೆದ ಪ್ಯಾಕನ್ನು ಒಂದು ಗಂಟೆಯಾದರೂ ಕವರ್ ಒಡೆಯದೆ ಬಿಡಿ. ತಣ್ಣಗಿರುವಾಗಲೇ ಒಡೆದರೆ ಹಾಳೆಗಳ ಮೇಲೆ ತೇವ ಕೂರುತ್ತದೆ, ಒಂದಕ್ಕೊಂದು ಅಂಟುತ್ತವೆ, ಎರಡು ಒಟ್ಟಿಗೆ ಹೊರಬರುತ್ತವೆ.

ಕ್ಯಾಮೆರಾದೊಳಗೆ ಹೋದ ಪ್ಯಾಕನ್ನು ತಂಪಾಗಿಡುವ ಉಪಾಯ ಇಲ್ಲ. ಆದ್ದರಿಂದ ಎಂಟೂ ಚಿತ್ರ ಯಾವುವು ಎಂದು ಮೊದಲೇ ಯೋಚಿಸಿ, ಜಾಗಕ್ಕೆ ತಲುಪಿದ ಮೇಲೆ ಪ್ಯಾಕ್ ಹಾಕಿ, ಒಂದು ಗಂಟೆಯೊಳಗೆ ಮುಗಿಸಿಬಿಡಿ. ಅಂಜನಾದ್ರಿ ಹತ್ತುವುದಿದ್ದರೆ 575 ಮೆಟ್ಟಿಲು ಏರಿದ ಮೇಲೆ ಮೇಲ್ಗಡೆ ನೆರಳಲ್ಲಿ ಕೂತು ಪ್ಯಾಕ್ ಹಾಕಿ, ಕೆಳಗೆ ಹಾಕಿಕೊಂಡು ಹೊರಡಬೇಡಿ. ಮೇ ತಿಂಗಳಲ್ಲಿ ಹೊತ್ತು ಹುಟ್ಟುವ ಮುಂಚೆಯೇ 27 ಡಿಗ್ರಿ ಇರುವ ದಿನಗಳುಂಟು. ಆ ತಿಂಗಳು ಎರಡು ಗಂಟೆಯ ಅವಕಾಶ ಮಾತ್ರ, ಬೆಳಗ್ಗೆ 8ರ ಮೇಲೆ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಮಾತ್ರ ಈ ನಾಡು ಇನ್‌ಸ್ಟಂಟ್ ಫಿಲ್ಮಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಪ್ಯಾಕ್ ಹಾಕುವುದು

ಪ್ಯಾಕನ್ನು ಎರಡೂ ಬದಿಯ ಅಂಚಿನಿಂದ ಹಿಡಿಯಿರಿ, ನಡುವೆ ಒತ್ತಬೇಡಿ. ಚಪ್ಪಟೆ ಕಪ್ಪು ಹಾಳೆ ಮೇಲ್ಮುಖವಾಗಿ ಕಡೆಯವರೆಗೂ ತಳ್ಳಿ, ಬಾಗಿಲು ಮುಚ್ಚಿ. ಆ ಕಪ್ಪು ಹಾಳೆ, ಅಂದರೆ ಡಾರ್ಕ್‌ಸ್ಲೈಡ್, ತಾನೇ ಹೊರಬರುತ್ತದೆ. ಬರದಿದ್ದರೆ ಬಾಗಿಲು ಸರಿಯಾಗಿ ಕೂತಿಲ್ಲ, ಇಲ್ಲವೇ ಬ್ಯಾಟರಿ ಸತ್ತಿದೆ. ಅದನ್ನು ಬಿಸಾಡಬೇಡಿ, ಮುಂದೆ ಕೆಲಸವಿದೆ. 600 ಪ್ಯಾಕಿನ ತಳದಲ್ಲಿ ಚಿಕ್ಕ ಉಬ್ಬುಗಳಿವೆ, ಅವು ಎಸ್‌ಎಕ್ಸ್-70ರಲ್ಲಿ ಅಡ್ಡ ಬರುತ್ತವೆ. ಹಳೆಯ ಡಾರ್ಕ್‌ಸ್ಲೈಡನ್ನು ಪ್ಯಾಕಿನ ಕೆಳಗೆ ಕೊಟ್ಟು ಜಾರಿಸಿದರೆ ಸಲೀಸಾಗಿ ಹೋಗುತ್ತದೆ, ಕೂತ ಮೇಲೆ ಅದನ್ನು ಎಳೆದುಕೊಳ್ಳಿ.

ಎಣಿಕೆಯ ಕಿಂಡಿ ನೋಡಿ ಗಾಬರಿಯಾಗಬೇಡಿ. ಹಳೆಯ ಕ್ಯಾಮೆರಾಗಳನ್ನು ಮಾಡಿದ್ದು 10 ಹಾಳೆಯ ಪ್ಯಾಕಿಗೆ, ಈಗಿನದರಲ್ಲಿ 8. ಕಿಂಡಿಯಲ್ಲಿ 2 ಎಂದು ಕಂಡಾಗ ಪ್ಯಾಕ್ ಖಾಲಿಯಾಗಿದೆ ಎಂದು ತಿಳಿಯಿರಿ.

ಬೆಳಕು ಅಳೆಯುವ ಕಣ್ಣು ಎಲ್ಲಿ ಮೋಸ ಹೋಗುತ್ತದೆ

ಇನ್‌ಸ್ಟಂಟ್ ಹಾಳೆಗೆ ನೆಗೆಟಿವ್ ಫಿಲ್ಮಿನಷ್ಟು ತಾಳ್ಮೆ ಇಲ್ಲ. ಬೆಳಕು ಒಂದು ಸ್ಟಾಪ್ ಹೆಚ್ಚಾದರೆ ಬಿಳಿ ಅಂಗಿಯ ಮಡಿಕೆಗಳು ಮಾಯ, ಒಂದು ಸ್ಟಾಪ್ ಕಡಿಮೆಯಾದರೆ ನೆರಳೆಲ್ಲ ಮಸಿ. ಬಿಳುಪಿನಲ್ಲಿ ವಿವರ ಉಳಿಸಿಕೊಳ್ಳುವುದೇ ಗುರಿಯಾಗಲಿ. ಕಪ್ಪು ತುಸು ಗಟ್ಟಿಯಾದರೂ ಕಣ್ಣು ಒಪ್ಪುತ್ತದೆ, ಬರಿದಾದ ಬಿಳುಪನ್ನು ಒಪ್ಪುವುದಿಲ್ಲ.

ಲೆನ್ಸಿನ ಪಕ್ಕದಲ್ಲೇ ಚಿಕ್ಕ ಗಾಜಿನ ಕಣ್ಣು ಇರುತ್ತದೆ. ಎದುರಿಗಿರುವುದೆಲ್ಲ ಸರಾಸರಿ ಬೂದು ಎಂದು ನಂಬುವುದು ಅದರ ಸ್ವಭಾವ. ಸಿಂಧನೂರು, ಮಾನ್ವಿ ಕಡೆಯ ಎರೆ ಹೊಲದ ಮುಂದೆ ನಿಲ್ಲಿಸಿದರೆ ಅದಕ್ಕೆ ಎಲ್ಲವೂ ಕತ್ತಲೆಯಾಗಿ ಕಾಣುತ್ತದೆ. ಹೆಚ್ಚು ಬೆಳಕು ಬಿಟ್ಟು ಕಪ್ಪು ಮಣ್ಣನ್ನು ಬೂದಿ ಮಾಡಿ, ಹೊಲದಲ್ಲಿ ನಿಂತವರ ಬಿಳಿ ಧೋತರವನ್ನು ಖಾಲಿ ಕಾಗದ ಮಾಡುತ್ತದೆ. ಅಲ್ಲಿ ಎಕ್ಸ್‌ಪೋಶರ್ ಗುಂಡಿಯನ್ನು ಕಪ್ಪಿನ ಕಡೆಗೆ ಅರ್ಧ ಸರಿಸಿ. ಆನೆಗೊಂದಿಯ ಬಂಡೆಗಳ ಮೇಲೆ ಆಕಾಶ ಅರ್ಧ ಚೌಕಟ್ಟು ತುಂಬಿದ್ದರೆ ಉಲ್ಟಾ ಆಗುತ್ತದೆ: ಆಕಾಶದ ಬೆಳಕಿಗೆ ಕಣ್ಣು ಕುಗ್ಗಿ ಬಂಡೆಗಳೆಲ್ಲ ಕಪ್ಪಾಗುತ್ತವೆ. ಆಗ ಮೊದಲು ಕ್ಯಾಮೆರಾವನ್ನೇ ಕೆಳಗೆ ಬಾಗಿಸಿ ಆಕಾಶವನ್ನು ಕಾಲು ಭಾಗಕ್ಕೆ ಇಳಿಸಿ. ಸಾಲದಿದ್ದರೆ ಗುಂಡಿಯನ್ನು ಬಿಳುಪಿನ ಕಡೆ ಕಾಲು ಸರಿಸಿ. ಸುಣ್ಣ ಬಳಿದ ಗೋಡೆಗೂ ಇದೇ ಲೆಕ್ಕ.

ಎಸ್‌ಎಕ್ಸ್-70ರಲ್ಲಿ ಈ ಗುಂಡಿ ಲೆನ್ಸಿನ ಪಕ್ಕದ ಕಪ್ಪು-ಬಿಳುಪು ಗಾಲಿ, 600ರಲ್ಲಿ ಮುಂಭಾಗದ ಜಾರುಗುಂಡಿ. ಎರಡೂ ಮಾಡುವುದು ಒಂದೇ ಕೆಲಸ: ಕಣ್ಣಿನ ಮುಂದೆ ಕ್ರಮೇಣ ಕಪ್ಪಾಗುವ ಗಾಜಿನ ಪಟ್ಟಿಯನ್ನು ಸರಿಸುವುದು. ಆ ಕಣ್ಣಿನ ಮೇಲೆ ಬೆರಳು ಬಿದ್ದರೆ ಚಿತ್ರ ಪೂರ್ತಿ ಬಿಳಿಚಿಕೊಳ್ಳುತ್ತದೆ. 600 ಹಿಡಿಯುವವರಲ್ಲಿ ಇದು ಬಹಳ ಸಾಮಾನ್ಯ.

ಹಳದಿ ಅಥವಾ ಕಿತ್ತಳೆ ಫಿಲ್ಟರ್ ಹಿಡಿದರೆ ಚಳಿಗಾಲದ ನೀಲಿ ಆಕಾಶ ಗಟ್ಟಿಯಾಗಿ, ಬಂಡೆ ಎದ್ದು ಕಾಣುತ್ತದೆ. ಎನ್‌ಡಿ ವಿಷಯದಲ್ಲಿ ಹೇಳಿದ್ದಕ್ಕೆ ಇಲ್ಲಿ ತದ್ವಿರುದ್ಧ: ಬಣ್ಣದ ಫಿಲ್ಟರ್ ಲೆನ್ಸನ್ನೂ ಕಣ್ಣನ್ನೂ ಒಟ್ಟಿಗೆ ಮುಚ್ಚಬೇಕು, ಆಗ ಕಳೆದುಹೋದ ಬೆಳಕನ್ನು ಕ್ಯಾಮೆರಾ ತಾನೇ ತುಂಬಿಕೊಳ್ಳುತ್ತದೆ. ಬಿಳಿಚಿದ ಬೇಸಿಗೆ ಆಕಾಶಕ್ಕೆ ಇದರಿಂದ ಪ್ರಯೋಜನವಿಲ್ಲ.

ಬೆಳಕಿನ ದಿಕ್ಕು ಕಲ್ಲಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿನ ಚಪ್ಪಡಿ ಇದೆ, 1294ರ ಶಾಸನ ಹೊತ್ತದ್ದು. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನು ಗೋಡೆಯ ಮೇಲೆ ಗೀರಿ ತೋರಿಸಿದ್ದಾರೆ. ಅಂಥ ಆಳವಿಲ್ಲದ ಗೆರೆಗಳು ನೇರ ಬಿಸಿಲಿನಲ್ಲಿ ಅಳಿಸಿಹೋದಂತೆ ಕಾಣುತ್ತವೆ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿಗೆ ಪ್ರತಿ ಗೆರೆಗೂ ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು ಸಿಗುತ್ತದೆ. ಆ ಹೊತ್ತು ಯಾವುದೆಂದು ಹಿಂದಿನ ದಿನವೇ ಫೋನಿನಲ್ಲಿ ಗಂಟೆಗೊಂದು ಫೋಟೊ ತೆಗೆದು ಗುರುತು ಮಾಡಿಕೊಳ್ಳಿ. ಒಂದು ಹಾಳೆಯೂ ಖರ್ಚಿಲ್ಲದೆ ಕಲಿಯುವ ಪಾಠ ಇದು. ಫೋನನ್ನು ಕಪ್ಪು-ಬಿಳುಪಿಗೆ ಹಾಕಿ ನೋಡುವುದು ಇನ್ನೂ ಒಳ್ಳೆಯದು.

ಹೊರಬಂದ ಹಾಳೆಯ ಮೊದಲ ಕ್ಷಣಗಳು

ಹಾಳೆ ಸೀಳಿನಿಂದ ತಲೆ ಹಾಕಿದಾಗ ಅದರ ಎಕ್ಸ್‌ಪೋಶರ್ ಇನ್ನೂ ಮುಗಿದಿರುವುದಿಲ್ಲ. ಪೇಸ್ಟಿನಲ್ಲಿರುವ ಗಾಢ ಬಣ್ಣ ಹಾಳೆಯನ್ನು ಬೆಳಕಿನಿಂದ ಮುಚ್ಚಬೇಕು, ಅದಕ್ಕೆ ತುಸು ಹೊತ್ತು ಬೇಕು. ಅಷ್ಟರೊಳಗೆ ಬಿಸಿಲು ತಾಗಿದರೆ ಚಿತ್ರದ ಮೇಲೆ ಬೂದು ಮಬ್ಬು ಬಿದ್ದು ಕಪ್ಪೆಲ್ಲ ಸತ್ತುಹೋಗುತ್ತದೆ. ನಮ್ಮಲ್ಲಿ ಹಾಳಾಗುವ ಹಾಳೆಗಳಲ್ಲಿ ಬಹುಪಾಲು ಹೋಗುವುದು ಇಲ್ಲೇ.

ಸೀಳಿನ ಬಾಯಿಗೆ ಹಾಕುವ ಸುರುಳಿ ಪಟ್ಟಿ ಸಿಗುತ್ತದೆ, ಫಿಲ್ಮ್ ಶೀಲ್ಡ್ ಎನ್ನುತ್ತಾರೆ. ಹಾಳೆ ಹೊರಬರುತ್ತಲೇ ಅದು ನಾಲಿಗೆಯಂತೆ ಚಾಚಿ ಮುಚ್ಚಿಕೊಳ್ಳುತ್ತದೆ. ಅದಿಲ್ಲದಿದ್ದರೆ ಉಳಿಸಿಟ್ಟ ಡಾರ್ಕ್‌ಸ್ಲೈಡನ್ನು ಸೀಳಿನ ಮೇಲೆ ಅಡ್ಡ ಹಿಡಿಯಿರಿ. ಜೊತೆಗೊಬ್ಬರು ಕಪ್ಪು ಕೊಡೆ ಹಿಡಿದು ನಿಂತರಂತೂ ಕ್ಯಾಮೆರಾಕ್ಕೂ ನೆರಳು, ಹಾಳೆಗೂ ನೆರಳು. ಆರು ಸೆಕೆಂಡಿನಷ್ಟು ಹಾಗೇ ಬಿಟ್ಟು, ಅಂಚಿನಿಂದ ಹಿಡಿದು ಎಳೆದು, ಕವುಚಿ ಎರಡು ರಟ್ಟಿನ ನಡುವೆ ಇಟ್ಟು ತಂಪುಪೆಟ್ಟಿಗೆಯ ಮೇಲ್ಭಾಗಕ್ಕೆ ಸೇರಿಸಿ. ಕಪ್ಪು-ಬಿಳುಪು ಚಿತ್ರ 5ರಿಂದ 10 ನಿಮಿಷದಲ್ಲಿ ಮೂಡುತ್ತದೆ. 10 ನಿಮಿಷ ಆಗುವವರೆಗೆ ಇಣುಕಬೇಡಿ. ಅಲುಗಾಡಿಸುವುದು, ಗಾಳಿ ಬೀಸುವುದು ಪದರಗಳನ್ನು ಬೇರೆ ಮಾಡುತ್ತದೆ, ನಡುವೆ ಬಿರುಕಿನಂಥ ಗೆರೆ ಬೀಳುತ್ತದೆ. ಅಂಗಿಯ ಜೇಬೂ ಬೇಡ, ಮೈಯ ಕಾವೇ 37 ಡಿಗ್ರಿ.

ಪೇಸ್ಟ್ ಕ್ಷಾರ, ಸುಡುತ್ತದೆ. ಅಂಚಿನಿಂದ ಸೋರಿ ಕೈಗೆ ತಾಗಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ಮಕ್ಕಳ ಕೈಗೆ ಹಸಿ ಹಾಳೆ ಕೊಡಬೇಡಿ.

ಮುಖಗಳು, ಗುಡಿಯ ಒಳಗು

ಮುಖಕ್ಕೆ ಒಳ್ಳೆಯ ಜಾಗ ಮನೆಯ ತಲಬಾಗಿಲು. ಕೂತವರನ್ನು ಕಟ್ಟೆಯ ಮೇಲೆ, ಬಿಸಿಲಿನ ಗೆರೆಯಿಂದ ಒಂದು ಮೊಳ ಒಳಗೆ, ಬೀದಿಯ ಕಡೆ ಮುಖ ಮಾಡಿ ಕೂರಿಸಿ. ಎದುರಿನ ಅಂಗಳದ ಬೆಳಕು ಕೆಳಗಿನಿಂದ ಪುಟಿದು ರುಮಾಲಿನಡಿಯ ಕಣ್ಣುಗಳನ್ನು ಬೆಳಗಿಸುತ್ತದೆ. ಹಿಂದಿನ ತೆರೆದ ಬಾಗಿಲಿನ ಕತ್ತಲು ತಾನೇ ಪರದೆಯಾಗುತ್ತದೆ. ಆ ಕತ್ತಲನ್ನು ನೋಡಿ ಕ್ಯಾಮೆರಾದ ಕಣ್ಣು ಮೋಸ ಹೋಗುತ್ತದೆ, ಗುಂಡಿ ಕಪ್ಪಿನ ಕಡೆ ಕಾಲು ಸರಿದಿರಲಿ. ಎಸ್‌ಎಕ್ಸ್-70ರಲ್ಲಿ ಅಷ್ಟು ನೆರಳಿಗೆ ಶಟರ್ ಬಹಳ ನಿಧಾನವಾಗುತ್ತದೆ. "ಅಜ್ಜಾರ, ಮೂರು ಎಣಿಸೋತನಕ ಅಳ್ಳಾಡಬ್ಯಾಡ್ರಿ" ಎಂದು ಹೇಳಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟ ಮೇಲೆ ಬಟನ್ ಒತ್ತಿ. ಶಟರ್ ಮುಚ್ಚುವ ಸದ್ದು ಕೇಳುವವರೆಗೆ ಬೆರಳು ತೆಗೆಯಬೇಡಿ.

600ರಲ್ಲಿ ಫ್ಲ್ಯಾಶ್ ಇದೆ. ಅದು 4ರಿಂದ 8 ಅಡಿಯೊಳಗೆ ಮಾತ್ರ ನಂಬಿಕೆಯದು. ಬಹುತೇಕ 600ಗಳ ಲೆನ್ಸಿಗೆ 4 ಅಡಿಗಿಂತ ಹತ್ತಿರದ್ದು ಸ್ಪಷ್ಟವಾಗುವುದೂ ಇಲ್ಲ. ಕೈ ಅಂದಾಜು ಬೇಡ, 4 ಅಡಿಯ ದಾರಕ್ಕೆ ಗಂಟು ಹಾಕಿ ಕ್ಯಾಮೆರಾದ ಪಟ್ಟಿಗೆ ಕಟ್ಟಿಕೊಳ್ಳಿ.

ಕುಕನೂರು ಹತ್ತಿರದ ಇಟಗಿಯ ಮಹಾದೇವ ದೇವಾಲಯ 1112ರದು, ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಕಡೆದ ಬಳಪದ ಕಲ್ಲಿನ ಕಂಬಗಳ ಹೊಳಪೇ ಅಲ್ಲಿನ ಸೊಬಗು. ಅಲ್ಲಿ ಫ್ಲ್ಯಾಶ್ ಹೊಡೆದರೆ ಕಂಬದ ಮೇಲೆ ಒಂದು ಬಿಳಿ ಬೊಟ್ಟು ಬಿಟ್ಟು ಬೇರೇನೂ ಸಿಗುವುದಿಲ್ಲ. ತೆರೆದ ಮಂಟಪಕ್ಕೆ ಬದಿಯಿಂದ ಬರುವ ಬೆಳಕಿನಲ್ಲೇ ತೆಗೆಯಬೇಕು. ಟ್ರೈಪಾಡ್ ಬಳಸುವ ಮುನ್ನ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಅದಿಲ್ಲದೆ ಆಗುವ ಉಪಾಯವೂ ಇದೆ: ಒಂದು ಕಿಲೊ ಹಸನು ಮಾಡಿದ ಜೋಳವನ್ನು ಎರಡು ಪದರದ ಬಟ್ಟೆ ಚೀಲದಲ್ಲಿ ಸಡಿಲವಾಗಿ ಹೊಲಿದು, ಕಕ್ಷಾಸನದ, ಅಂದರೆ ಮಂಟಪದ ಅಂಚಿನ ಕಲ್ಲಿನ ಆಸನದ, ಮೇಲಿಟ್ಟು ಕ್ಯಾಮೆರಾವನ್ನು ಅದರಲ್ಲಿ ಹುದುಗಿಸಿ. ಎಸ್‌ಎಕ್ಸ್-70ರ ಶಟರ್ 10 ಸೆಕೆಂಡಿಗೂ ಹೆಚ್ಚು ತೆರೆದಿರಬಲ್ಲದು, ಅಷ್ಟು ಹೊತ್ತೂ ಜೋಳದ ಚೀಲ ಅಲುಗುವುದಿಲ್ಲ.

ಕೆಟ್ಟ ಚಿತ್ರವನ್ನು ಓದುವುದು

ಕೆಟ್ಟದ್ದನ್ನು ಬಿಸಾಡದೆ ಹಿಂಬದಿಯ ಮೇಲೆ ಹೊತ್ತು, ಡಬ್ಬಿಯ ಡಿಗ್ರಿ, ಗುಂಡಿ ಎಲ್ಲಿತ್ತು ಎಂಬುದನ್ನು ಮೆತ್ತಗೆ ಮಾರ್ಕರಿನಿಂದ ಬರೆದಿಡಿ. ಬಾಲ್‌ಪೆನ್ ಒತ್ತಿ ಬರೆದರೆ ಮುಂದಿನ ಬದಿಗೆ ಗುರುತು ಮೂಡುತ್ತದೆ.

ಇಡೀ ಚಿತ್ರ ಕಂದಾಗಿ ಮಾಸಿದ್ದರೆ ಕಾವು. ಬೂದು ಮಬ್ಬು ಕವಿದಿದ್ದರೆ ಹೊರಬರುವಾಗ ಬೆಳಕು ತಾಗಿದೆ. ಮಬ್ಬು ಒಂದೇ ಮೂಲೆಯಲ್ಲಿ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ ಇದ್ದರೆ ಬೆಲ್ಲೋಸ್ ತೂತು ಅಥವಾ ಬಾಗಿಲಿನ ಸಂದು. ಮೇಲ್ಗಡೆ ಮೂಲೆಗಳಲ್ಲಿ ಪೇಸ್ಟ್ ಮುಟ್ಟದೆ ಖಾಲಿ ಉಳಿದಿದ್ದರೆ ರೋಲರ್ ಕೊಳೆ, ಇಲ್ಲವೇ ಪ್ಯಾಕ್ ಹಳತಾಗಿ ಪೇಸ್ಟ್ ಗಟ್ಟಿಯಾಗಿದೆ. ರೋಲರ್ ಒರೆಸಿದ ಮೇಲೂ ಬಂದರೆ ಪ್ಯಾಕಿನದೇ ತಪ್ಪು. ಪೂರ್ತಿ ಕಪ್ಪು ಬಂದರೆ ಶಟರ್ ತೆರೆದಿಲ್ಲ, ಅಥವಾ ಫ್ಲ್ಯಾಶ್ ಚಾರ್ಜ್ ಆಗುವ ಮುಂಚೆಯೇ ಒತ್ತಿದ್ದೀರಿ.

ಹಾಳೆ ಅರ್ಧಕ್ಕೆ ಸಿಕ್ಕಿಕೊಂಡರೆ ಜಗ್ಗಬೇಡಿ. ನೆರಳಿಗೆ ಹೋಗಿ ಬಾಗಿಲು ತೆರೆದು ಅದನ್ನು ಬಿಡಿಸಿ, ಪ್ಯಾಕಿನ ಮೇಲಿನ ಹಾಳೆ ಬೆಳಕು ಕಂಡು ಹೋಯಿತೆಂದು ಲೆಕ್ಕ ಹಾಕಿ ಬಾಗಿಲು ಮುಚ್ಚಿ. ಉಳಿದವು ಸುರಕ್ಷಿತವಾಗಿರುತ್ತವೆ.

ಕಾಪಿಡುವುದು

ಮೂಡಿದ ಚಿತ್ರ ಒಳಗೊಳಗೇ ಒಣಗಲು ವಾರಗಳು ಬೇಕು. ಆಗಲೇ ಆಲ್ಬಮ್ಮಿನ ಪ್ಲಾಸ್ಟಿಕ್ ಹೊದಿಕೆಗೆ ಸೇರಿಸಿದರೆ ತೇವ ಒಳಗೇ ಉಳಿದು ಬೆಳ್ಳಿ ಕಂದಾಗುತ್ತದೆ. ಒಂದು ತಿಂಗಳು ರಟ್ಟಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪುಡಿಕೆಗಳ ಜೊತೆ, ಒಂದಕ್ಕೊಂದು ಅಂಟದಂತೆ ನಿಲ್ಲಿಸಿಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಪುಡಿಕೆಗಳೇ ಸಾಕು. ಆಮೇಲೆ ಕೋಣೆಯ ಅತಿ ತಂಪಾದ ಗೋಡೆಯ ಕಪಾಟಿಗೆ. ಪಡುವಣ ಗೋಡೆ ಸಂಜೆಯವರೆಗೂ ಕಾದಿರುತ್ತದೆ, ಅದು ಬೇಡ.

ಚಿತ್ರ ತೆಗೆದ ವಾರದೊಳಗೆ ಸ್ಕ್ಯಾನ್ ಮಾಡಿ. 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕೆಗೆ, ಚಿತ್ರದ ಭಾಗ ಸುಮಾರು 1,860 ಪಿಕ್ಸೆಲ್ ಅಗಲ ಬರುತ್ತದೆ, ಪುಸ್ತಕದಲ್ಲಿ ಅಚ್ಚು ಹಾಕಲು ಅಷ್ಟು ಸಾಕು. ಖಾಲಿ ಪ್ಯಾಕುಗಳಲ್ಲಿ ಎರಡನ್ನು ಮುಂದಿನ ಪರೀಕ್ಷೆಗೆ ಇಟ್ಟುಕೊಂಡು, ಉಳಿದವುಗಳ ತಳದ ಚಪ್ಪಟೆ ಬ್ಯಾಟರಿ ಬಿಡಿಸಿ ಇ-ತ್ಯಾಜ್ಯಕ್ಕೆ ಕೊಡಿ, ತಿಪ್ಪೆಗೆ ಹಾಕಬೇಡಿ.